ಚಾಳೀಸು: ಕೈ ಉದ್ದ ಸಾಲದಾದಾಗ ಕಣ್ಣೊಳಗೆ ಆಗಿರುವುದೇನು

ಮಾತ್ರೆ ಪಟ್ಟಿಯ ಬೆನ್ನ ಮೇಲೆ ಎಕ್ಸ್‌ಪೈರಿ ತಾರೀಖು ಹುಡುಕುತ್ತಿರುವವರನ್ನು ಗಮನಿಸಿ. ಮೊದಲು ಕೈ ಮುಂದಕ್ಕೆ ಹೋಗುತ್ತದೆ. ಆಮೇಲೆ ತಲೆ ಹಿಂದಕ್ಕೆ ಸರಿಯುತ್ತದೆ. ಅದೂ ಸಾಲದಿದ್ದರೆ ಪಟ್ಟಿ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋಗುತ್ತಾರೆ. ಈ ಮೂರೂ ಒಟ್ಟಿಗೆ ಕಂಡರೆ ಆಧಾರ್ ಕಾರ್ಡ್ ಕೇಳಬೇಕಾಗಿಲ್ಲ, ನಲವತ್ತು ದಾಟಿದೆ.

ವಯಸ್ಸಾಯಿತು ಎಂದು ತಿಳಿಸುವ ಸಂದರ್ಭಗಳು ಬೇಕಾದಷ್ಟಿವೆ. ಬಸ್ಸಿನಲ್ಲಿ ಕಾಲೇಜು ಹುಡುಗ ಎದ್ದು ಸೀಟು ಬಿಡುತ್ತಾನೆ, ತರಕಾರಿಯವನ ಬಾಯಲ್ಲಿ 'ಅಣ್ಣ' ಹೋಗಿ 'ಅಂಕಲ್' ಬರುತ್ತದೆ, ನೆಲದಿಂದ ಏಳುವಾಗ ಕೈ ತಾನಾಗಿಯೇ ಮೊಣಕಾಲಿನ ಮೇಲೆ ಊರುತ್ತದೆ. ಇವೆಲ್ಲ ಮನೆತನ, ಕಸುಬು, ತೂಕ ನೋಡಿಕೊಂಡು ಹಿಂದೆ ಮುಂದೆ ಆಗುತ್ತವೆ. ಎಪ್ಪತ್ತರಲ್ಲೂ ಚಕ್ಕಳಮಕ್ಕಳ ಹಾಕಿ ಕೂರುವವರಿದ್ದಾರೆ, ಮೂವತ್ತಕ್ಕೇ ತಲೆ ಬಿಳಿಯಾದವರಿದ್ದಾರೆ. ಚಾಳೀಸಿಗೆ, ಅಂದರೆ ವಯಸ್ಸಿನ ಜೊತೆ ಹತ್ತಿರದ್ದು ಮಸುಕಾಗುವುದಕ್ಕೆ, ಮಾತ್ರ ಯಾರ ದಾಕ್ಷಿಣ್ಯವೂ ಇಲ್ಲ. ಯೋಗ ಮಾಡಿದವರಿಗೂ ಬರುತ್ತದೆ, ಮಾಡದವರಿಗೂ ಬರುತ್ತದೆ, ಅದೂ ಹೆಚ್ಚುಕಡಿಮೆ ಲೆಕ್ಕ ಹಾಕಿ ಹೇಳಬಹುದಾದ ವಯಸ್ಸಿನಲ್ಲಿ. ಆ ಲೆಕ್ಕ ಗೊತ್ತಿದ್ದರೆ ಕನ್ನಡಕಕ್ಕೆ ಕೊಡುವ ದುಡ್ಡು ಮತ್ತು ಕತ್ತು ನೋವು ಎರಡೂ ಉಳಿಯುತ್ತವೆ.

ಮಸೂರ ಗಟ್ಟಿಯಾಗುವ ಬಗೆ

ಕಣ್ಣಿಗೆ ಬಂದ ಬೆಳಕನ್ನು ಬಾಗಿಸಿ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟದ ಮೇಲೆ ಬೀಳಿಸುವ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದಾರೆ. ಮುಂದಿರುವ ಪಾರದರ್ಶಕ ಗಾಜು, ಅಂದರೆ ಕಾರ್ನಿಯಾ, ಸುಮಾರು 43 ಡಯಾಪ್ಟರ್‌ನಷ್ಟು ಕೆಲಸ ಮಾಡುತ್ತದೆ. ಅದರ ಶಕ್ತಿ ಬದಲಾಗುವುದಿಲ್ಲ. ಪಾಪೆಯ ಹಿಂದೆ ಕೂತಿರುವ ಮಸೂರ ಉಳಿದದ್ದನ್ನು ಮಾಡುತ್ತದೆ, ಬೇಕಾದಾಗ ಉಬ್ಬಿ ಶಕ್ತಿ ಹೆಚ್ಚಿಸಿಕೊಳ್ಳುವುದು ಇದೇ. ಡಯಾಪ್ಟರ್ ಎಂದರೆ ಅಂಗಡಿಯಲ್ಲಿ ನಾವು ಹೇಳುವ 'ನಂಬರ್', ಬೇರೇನಲ್ಲ.

ಮಸೂರದ ಸುತ್ತ ಉಂಗುರದ ಹಾಗೆ ಸಿಲಿಯರಿ ಸ್ನಾಯು ಇದೆ. ಎರಡರ ನಡುವೆ ಕೂದಲೆಳೆಗಿಂತ ತೆಳುವಾದ ತಂತುಗಳು. ದೂರ ನೋಡುವಾಗ ಸ್ನಾಯು ಸಡಿಲವಾಗಿರುತ್ತದೆ, ತಂತುಗಳು ಬಿಗಿಯಾಗಿರುತ್ತವೆ, ಮಸೂರ ಎಳೆಸಿಕೊಂಡು ಚಪ್ಪಟೆಯಾಗಿರುತ್ತದೆ. ಹತ್ತಿರ ನೋಡಬೇಕಾದಾಗ ಸ್ನಾಯು ಬಿಗಿಯಾಗಿ ಉಂಗುರ ಕಿರಿದಾಗುತ್ತದೆ, ತಂತುಗಳು ಸಡಿಲಗೊಳ್ಳುತ್ತವೆ, ಎಳೆತ ತಪ್ಪಿದ ಮಸೂರ ತನ್ನ ಸ್ವಂತ ಸ್ಥಿತಿಸ್ಥಾಪಕತೆಯಿಂದ ಉಬ್ಬುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ಕೊಟ್ಟ ಈ ವಿವರಣೆಯೇ ಇವತ್ತಿಗೂ ಮುಖ್ಯವಾಗಿ ಒಪ್ಪಿತವಾಗಿರುವುದು. ಸ್ನಾಯು ಮಸೂರವನ್ನು ಹಿಂಡುವುದಿಲ್ಲ, ಬಿಟ್ಟುಕೊಡುತ್ತದೆ ಅಷ್ಟೆ. ಉಬ್ಬುವುದು ಮಸೂರದ ಕೆಲಸ.

ತೊಂದರೆ ಇರುವುದು ಅಲ್ಲೇ. ಚರ್ಮ ಹಳೆಯ ಜೀವಕೋಶಗಳನ್ನು ಉದುರಿಸುತ್ತದೆ, ಮಸೂರಕ್ಕೆ ಉದುರಿಸಲು ಜಾಗವಿಲ್ಲ. ಈರುಳ್ಳಿಯ ಪದರಗಳ ಹಾಗೆ ಹೊರಗಿನಿಂದ ಹೊಸ ನಾರುಗಳು ಸೇರುತ್ತ ಹೋದಂತೆ ಹಳೆಯವು ನಡುವಿಗೆ ಒತ್ತಲ್ಪಡುತ್ತವೆ. ನಟ್ಟನಡುವಿನ ನಾರುಗಳು ನೀವು ಹುಟ್ಟುವುದಕ್ಕೆ ಮುಂಚಿನವು. ಅವುಗಳಲ್ಲಿನ ಪ್ರೋಟೀನು ವರ್ಷ ಕಳೆದಂತೆ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ. ಸ್ನಾಯು ತನ್ನ ಪಾಲಿನ ಕೆಲಸ ಮಾಡಿದರೂ ಮಸೂರ ಉಬ್ಬುವುದಿಲ್ಲ. ಇದು ನಲವತ್ತರ ಬೆಳಿಗ್ಗೆ ಶುರುವಾಗುವುದೂ ಅಲ್ಲ. ಹತ್ತು ವರ್ಷದ ಮಗುವಿನಿಂದಲೇ ಈ ಶಕ್ತಿ ಇಳಿಯುತ್ತಿರುತ್ತದೆ, ನಲವತ್ತರ ಸುಮಾರಿಗೆ ನಿತ್ಯದ ಕೆಲಸಕ್ಕೆ ಬೇಕಾದ ಮಟ್ಟಕ್ಕಿಂತ ಕೆಳಗೆ ಬಂದಾಗ ಮಾತ್ರ ಅರಿವಿಗೆ ಬರುತ್ತದೆ.

ಯಾವ ವಯಸ್ಸಿಗೆ ಯಾವುದು ಕೈಕೊಡುತ್ತದೆ

ಕಣ್ಣು ಪರೀಕ್ಷಿಸುವವರು ಬಳಸುವ ಒಂದು ಸುಲಭ ಸೂತ್ರವಿದೆ, ಹಾಫ್‌ಸ್ಟೆಟರ್ ಸೂತ್ರ. ವಯಸ್ಸನ್ನು 0.3ರಿಂದ ಗುಣಿಸಿ 18.5ರಿಂದ ಕಳೆಯಿರಿ. ಬಂದದ್ದು ಆ ವಯಸ್ಸಿನಲ್ಲಿ ಮಸೂರ ಹೆಚ್ಚುವರಿಯಾಗಿ ಕೊಡಬಲ್ಲ ಸರಾಸರಿ ಶಕ್ತಿ. ಹತ್ತು ವರ್ಷದವರಿಗೆ 15.5 ಡಯಾಪ್ಟರ್, ಇಪ್ಪತ್ತಕ್ಕೆ 12.5, ನಲವತ್ತಕ್ಕೆ 6.5, ಐವತ್ತಕ್ಕೆ 3.5, ಅರವತ್ತಕ್ಕೆ ಬರೀ 0.5. ಇದು ಸರಾಸರಿ. ಒಬ್ಬೊಬ್ಬರಲ್ಲಿ ಒಂದು ಡಯಾಪ್ಟರ್ ಆಚೀಚೆ ಇರುವುದು ಸಹಜ.

ಇನ್ನು ಬೇಡಿಕೆಯ ಕಡೆ ಬನ್ನಿ. ನೂರನ್ನು ನೋಡುವ ದೂರದಿಂದ, ಸೆಂಟಿಮೀಟರ್‌ನಲ್ಲಿ, ಭಾಗಿಸಿದರೆ ಬೇಕಾದ ಶಕ್ತಿ ಸಿಗುತ್ತದೆ. ಪತ್ರಿಕೆ 40 ಸೆಂ.ಮೀ.ಗೆ ಹಿಡಿದರೆ 2.5 ಡಯಾಪ್ಟರ್ ಬೇಕು. ಆದರೆ ಇರುವ ಶಕ್ತಿಯನ್ನೆಲ್ಲ ಹಿಂಡಿ ಓದಿದರೆ ಹತ್ತು ನಿಮಿಷಕ್ಕೇ ಹಣೆ ನೋಯುತ್ತದೆ. ಆರಾಮವಾಗಿ ಓದಬೇಕಾದರೆ ಅರ್ಧದಷ್ಟು ಶಕ್ತಿ ಕೈಯಲ್ಲಿ ಉಳಿದಿರಬೇಕು ಎನ್ನುವುದು ವೃತ್ತಿಯಲ್ಲಿರುವವರ ರೂಢಿಯ ಲೆಕ್ಕ. ಅಂದರೆ ಪತ್ರಿಕೆಗೆ 5 ಡಯಾಪ್ಟರ್ ಇರಬೇಕು. ಸೂತ್ರದಲ್ಲಿ 5 ಬರುವುದು 45ನೇ ವಯಸ್ಸಿಗೆ.

ಇದೇ ಲೆಕ್ಕವನ್ನು ಬೇರೆ ದೂರಗಳಿಗೆ ಹಾಕಿ ನೋಡಿ. ಸೂಜಿಗೆ ದಾರ ಪೋಣಿಸುವುದು 25 ಸೆಂ.ಮೀ.ನಲ್ಲಿ, ಅದಕ್ಕೆ 4 ಬೇಕು, ಇರಬೇಕಾದದ್ದು 8. ಆ ಗಡಿ 35ಕ್ಕೇ ಬಂದುಬಿಡುತ್ತದೆ. ಮೊಬೈಲನ್ನು ಹಿಡಿಯುವುದು ಸುಮಾರು 33 ಸೆಂ.ಮೀ.ಗೆ, ಅದು 42ರ ಹತ್ತಿರ. ತಟ್ಟೆಯಲ್ಲಿ ಮೀನಿನ ಮುಳ್ಳು ಬಿಡಿಸುವ, ಮೊರದಲ್ಲಿ ಅಕ್ಕಿ ಆರಿಸುವ ದೂರ ಅರ್ಧ ಮೀಟರ್, ಅದು 48ಕ್ಕೆ. 65 ಸೆಂ.ಮೀ. ಆಚೆಯ ಕಂಪ್ಯೂಟರ್ ಪರದೆ 51ರವರೆಗೂ ತಡೆಯುತ್ತದೆ. 'ಆಫೀಸಿನಲ್ಲಿ ಎಲ್ಲ ಚೆನ್ನಾಗೇ ಕಾಣುತ್ತೆ, ಮೊಬೈಲ್ ಮಾತ್ರ ಯಾಕೋ' ಎನ್ನುವವರ ಮಾತಿನ ಹಿಂದೆ ಇರುವುದು ಇದೇ ಸರದಿ. ಮೊಬೈಲ್ ಕೆಟ್ಟಿಲ್ಲ, ಕಂಪ್ಯೂಟರಿನ ಸರದಿ ಇನ್ನೂ ಬಂದಿಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹೊಲಿಯಬೇಕು, ಹಾಗಾಗಿ ಅಂಥ ಕೆಲಸದವರಿಗೆ ನಲವತ್ತಕ್ಕೂ ಮುಂಚೆಯೇ ಕಣ್ಣು ಎಳೆಯತೊಡಗುತ್ತದೆ. ಗಿಡ್ಡ ಮೈಕಟ್ಟಿನವರಿಗೂ ಸ್ವಲ್ಪ ಬೇಗ, ಯಾಕೆಂದರೆ ಕೈ ಚಾಚಲು ಸಿಗುವ ಉದ್ದವೇ ಕಡಿಮೆ.

ಅದೇ ಕಣ್ಣು ಬೆಳಿಗ್ಗೆ ಜಗಲಿಯಲ್ಲಿ ಪತ್ರಿಕೆ ಓದಿ, ಸಂಜೆ ಹೋಟೆಲಿನ ಮಂದ ದೀಪದಲ್ಲಿ ಮೆನು ಓದಲಾರದು. ಬಿಸಿಲಲ್ಲಿ ಪಾಪೆ ಎರಡು ಮೂರು ಮಿಲಿಮೀಟರಿಗೆ ಕಿರಿದಾಗುತ್ತದೆ, ಕತ್ತಲಲ್ಲಿ ಐದಾರು ಮಿಲಿಮೀಟರಿಗೆ ಅಗಲವಾಗುತ್ತದೆ. ಮಸುಕಿನ ಪ್ರಮಾಣ ಪಾಪೆಯ ಅಗಲಕ್ಕೆ ತಕ್ಕಂತೆ ಇರುತ್ತದೆ. ಮೊಬೈಲಿನಲ್ಲಿ ಕಪ್ಪು ಹಿನ್ನೆಲೆ ಹಾಕಿಕೊಂಡು ದೀಪ ಆರಿಸಿ ಓದುವವರು ತಾವೇ ಪಾಪೆಯನ್ನು ಹಿಗ್ಗಿಸಿಕೊಂಡಿರುತ್ತಾರೆ. ನಲವತ್ತೈದರ ಮೇಲೆ ಬಿಳಿ ಹಿನ್ನೆಲೆ, ಹೊತ್ತಿಸಿದ ದೀಪವೇ ವಾಸಿ. ವಯಸ್ಸು ಇನ್ನೂ ಏರಿದಾಗ ಬೇರೊಂದು ಕಷ್ಟ ಸೇರಿಕೊಳ್ಳುತ್ತದೆ: ಪಾಪೆ ಕಿರಿದಾಗಿಯೇ ಉಳಿಯುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತರವರ ಅಕ್ಷಿಪಟಕ್ಕೆ ಇಪ್ಪತ್ತರವರಿಗೆ ಸಿಗುವ ಬೆಳಕಿನ ಮೂರನೇ ಒಂದು ಭಾಗದಷ್ಟೇ ತಲುಪುತ್ತದೆ. ಅಜ್ಜ ಓದುವ ಕುರ್ಚಿಯ ಪಕ್ಕ ಇನ್ನೊಂದು ದೀಪ ಹಾಕುವುದು ಕನ್ನಡಕದ ನಂಬರ್ ಏರಿಸುವುದಕ್ಕಿಂತ ಹಲವು ಸಲ ಹೆಚ್ಚು ಉಪಕಾರಿ.

ಕನ್ನಡ ಓದುವವರಿಗೆ ಒಂದು ವಿಶೇಷ ಸುಳಿವೂ ಇದೆ. ಮೊದಲು ಅಳಿಸಿಹೋಗುವುದು ಒತ್ತಕ್ಷರ. ಮೂಲ ಅಕ್ಷರಕ್ಕಿಂತ ಒತ್ತು ಚಿಕ್ಕದು, ಹಾಗಾಗಿ 'ರಾಷ್ಟ್ರ'ದ ಕೆಳಗಿನ ಎರಡು ಒತ್ತು ಕಪ್ಪು ಚುಕ್ಕೆಗಳಂತೆ ಕಂಡು, ಪದವನ್ನು ಓದದೆ ಊಹಿಸತೊಡಗುತ್ತೀರಿ. ಆಮೇಲೆ ದ-ಧ, ಡ-ಢ, ಪ-ಫ ಗೊಂದಲ. ಅವುಗಳ ವ್ಯತ್ಯಾಸವೆಲ್ಲ ಕೆಳಗಿನ ಒಂದು ಸಣ್ಣ ಸೀಳು. ಗೊತ್ತಿರುವ ಪದಗಳಲ್ಲಿ ಇದು ಅರಿವಿಗೇ ಬರುವುದಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಅಪರಿಚಿತ ಊರಿನ ಹೆಸರು ಬಂದಾಗ ಸಿಕ್ಕಿಬೀಳುತ್ತೀರಿ.

ಮಾತ್ರೆ ಪಟ್ಟಿಯಂತೂ ಎಲ್ಲ ಕಷ್ಟಗಳನ್ನೂ ಒಟ್ಟು ಮಾಡಿದ ವಸ್ತು. ಹಲವು ಪಟ್ಟಿಗಳಲ್ಲಿ ತಾರೀಖಿಗೆ ಮಸಿ ಇರುವುದಿಲ್ಲ, ಹಾಳೆಯನ್ನು ಒತ್ತಿ ಮೂಡಿಸಿರುತ್ತಾರೆ. ಬೆಳ್ಳಿಯ ಮೇಲೆ ಬೆಳ್ಳಿ. ವಯಸ್ಸಾದಂತೆ ಬಣ್ಣದ ಅಂತರ ಗುರುತಿಸುವ ಶಕ್ತಿಯೂ ತಗ್ಗುವುದರಿಂದ ಕನ್ನಡಕ ಹಾಕಿದರೂ ಇದು ಕಾಣದಿರಬಹುದು. ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಉಬ್ಬುಗಳಿಗೆ ನೆರಳು ಬಿದ್ದು ಅಂಕಿ ಎದ್ದು ಕಾಣುತ್ತದೆ. ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿ. ತಾರೀಖು ಇರುವ ತುದಿಯನ್ನು ಮೊದಲು ಹರಿಯದೆ, ಆ ತುದಿಯ ಮಾತ್ರೆಯನ್ನು ಕೊನೆಗೆ ಉಳಿಸಿಕೊಳ್ಳುವುದು ಇನ್ನೂ ಜಾಣತನ.

ಮೊದಲೇ ಕನ್ನಡಕ ಇದ್ದವರ ಕಥೆ

ದೂರದ್ದು ಕಾಣದೆ ಮೈನಸ್ ಕನ್ನಡಕ ಹಾಕುವವರು ಐವತ್ತರಲ್ಲೂ ಅದನ್ನು ತೆಗೆದು ಹಣೆಯ ಮೇಲೇರಿಸಿ ಸಲೀಸಾಗಿ ಓದುತ್ತಾರೆ. 'ನನಗೆ ಚಾಳೀಸು ಬಂದೇ ಇಲ್ಲ' ಎನ್ನುತ್ತಾರೆ. ಬಂದಿದೆ. ಮೈನಸ್ 2.50 ಇರುವ ಕಣ್ಣು ಬರಿಗಣ್ಣಿನಲ್ಲಿ ಸ್ಪಷ್ಟವಾಗಿ ನೋಡುವುದೇ 40 ಸೆಂ.ಮೀ.ವರೆಗೆ, ಅದು ಪತ್ರಿಕೆಯ ದೂರ. ಮಸೂರ ಕೆಲಸ ನಿಲ್ಲಿಸಿದರೂ ಅಲ್ಲಿಗೆ ಅದು ಬೇಕಾಗಿಲ್ಲ. ಮೈನಸ್ 6 ಇರುವವರಿಗೆ ಈ ಸವಲತ್ತು ಅಷ್ಟಕ್ಕಷ್ಟೇ, ಹಾಳೆ ಮೂಗಿಗೆ ಹದಿನೇಳು ಸೆಂ.ಮೀ. ಹತ್ತಿರ ಬರಬೇಕು. ಮೈನಸ್ ಕಣ್ಣಿನವರು ಕನ್ನಡಕ ಬಿಟ್ಟು ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಅಥವಾ ಲೇಸರ್ ಚಿಕಿತ್ಸೆ ಮಾಡಿಸಿಕೊಂಡರೆ ಅಡಗಿದ್ದ ಚಾಳೀಸು ತಟ್ಟನೆ ಎದುರಾಗುತ್ತದೆ. ಲೇಸರ್ ಮುಟ್ಟುವುದು ಕಾರ್ನಿಯಾವನ್ನು, ಗಟ್ಟಿಯಾಗುವುದು ಮಸೂರ.

ಪ್ಲಸ್ ಕಣ್ಣಿನವರದು ತದ್ವಿರುದ್ಧ. ದೂರ ನೋಡಲೂ ಅವರು ಮಸೂರದ ಶಕ್ತಿಯನ್ನೇ ಸ್ವಲ್ಪ ಖರ್ಚು ಮಾಡುತ್ತಿರುತ್ತಾರೆ, ಹಾಗಾಗಿ ಹತ್ತಿರಕ್ಕೆ ಉಳಿಯುವುದು ಕಡಿಮೆ. ಕನ್ನಡಕವನ್ನೇ ಕಾಣದ ಜೀವನ ನಡೆಸಿ, 37-38ಕ್ಕೇ ಓದಲಾಗದೆ 'ಇಷ್ಟು ಬೇಗ ಯಾಕೆ' ಎಂದು ಗಾಬರಿಯಾಗುವವರು ಹೆಚ್ಚಾಗಿ ಇವರೇ.

ಚೀಟಿ ಓದುವುದು, ನಂಬರ್ ಆರಿಸುವುದು

ಪರೀಕ್ಷೆಯ ಚೀಟಿಯಲ್ಲಿ ದೂರದ ನಂಬರ್ ಒಂದು, 'ಆ್ಯಡ್' ಎಂಬುದು ಇನ್ನೊಂದು. ಓದುವ ನಂಬರ್ ಎಂದರೆ ಎರಡರ ಮೊತ್ತ. ದೂರಕ್ಕೆ ಪ್ಲಸ್ 0.50, ಆ್ಯಡ್ 1.50 ಇದ್ದರೆ ಓದಲು ಪ್ಲಸ್ 2.00 ಬೇಕು. ಆ್ಯಡ್ ನೋಡಿಕೊಂಡು ಒಂದೂವರೆಯ ರೆಡಿಮೇಡ್ ಕನ್ನಡಕ ತಂದರೆ ಸಾಲುವುದಿಲ್ಲ. ದೂರಕ್ಕೆ ಮೈನಸ್ 1.00, ಆ್ಯಡ್ 2.00 ಇದ್ದವರಿಗೆ ಓದಲು ಪ್ಲಸ್ 1.00 ಸಾಕು. ಮೈನಸ್ 3.00, ಆ್ಯಡ್ 2.00 ಆದರೆ ಓದುವ ಕನ್ನಡಕವೂ ಮೈನಸ್ 1.00. ಅವರಿಗೆ ಅಂಗಡಿಯ ಪ್ಲಸ್ ಕನ್ನಡಕ ಕೊಟ್ಟರೆ ಕಷ್ಟವೇ ಹೆಚ್ಚು.

ಆ್ಯಡ್ ಸಾಮಾನ್ಯವಾಗಿ 40-45ರಲ್ಲಿ 1.00ರಿಂದ 1.25, ಐವತ್ತರ ಹೊತ್ತಿಗೆ 1.50ರಿಂದ 1.75, ಐವತ್ತೈದಕ್ಕೆ 2.00ರ ಸುತ್ತ, ಅರವತ್ತರ ಮೇಲೆ 2.50. ಅಲ್ಲಿಗೆ ನಿಲ್ಲುತ್ತದೆ, ಯಾಕೆಂದರೆ ಮಸೂರದಲ್ಲಿ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಆದರೆ ವಯಸ್ಸು ಹೇಳಿ ನಂಬರ್ ಕೊಳ್ಳುವುದು ಅರ್ಧ ಸರಿ ಮಾತ್ರ, ಉಳಿದರ್ಧ ನಿಮ್ಮ ಕೆಲಸದ ದೂರ. ಪರೀಕ್ಷೆಗೆ ಹೋಗುವ ಮುಂಚೆ ಮನೆಯಲ್ಲೇ ಟೇಪು ಹಿಡಿದು ಕಣ್ಣಿನಿಂದ ಕೆಲಸದವರೆಗೆ ಅಳೆದುಕೊಂಡು ಹೋಗಿ. ಅಕ್ಕಸಾಲಿಗನಿಗೆ 25 ಸೆಂ.ಮೀ., ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ 35-40, ವ್ಯಾಸಪೀಠದ ಮೇಲೆ ಪುಸ್ತಕವಿಟ್ಟು ಪಾರಾಯಣ ಮಾಡುವವರಿಗೆ 55-60. ಪಾರಾಯಣದವರಿಗೆ 40 ಸೆಂ.ಮೀ.ಗೆ ಅಳೆದು ಕನ್ನಡಕ ಕೊಟ್ಟರೆ ಅವರು ಇಡೀ ಅಧ್ಯಾಯ ಬಗ್ಗಿಕೊಂಡೇ ಓದಬೇಕು.

ಇಲ್ಲೊಂದು ಕೈಲೆಕ್ಕವಿದೆ. ದೂರದ ನಂಬರ್ ಇಲ್ಲದವರಿಗೆ, ನೂರನ್ನು ಓದುವ ಕನ್ನಡಕದ ನಂಬರಿನಿಂದ ಭಾಗಿಸಿದರೆ ಆ ಕನ್ನಡಕದಲ್ಲಿ ಸ್ಪಷ್ಟವಾಗಿ ಕಾಣುವ ಕೊನೆಯ ಗಡಿ ಸಿಗುತ್ತದೆ. ಪ್ಲಸ್ 1.00ಕ್ಕೆ ಒಂದು ಮೀಟರ್, 1.50ಕ್ಕೆ 67 ಸೆಂ.ಮೀ., 2.00ಕ್ಕೆ 50, 2.50ಕ್ಕೆ 40. 'ಇರಲಿ, ಮುಂದಕ್ಕೂ ಬರುತ್ತೆ' ಎಂದು ನಲವತ್ತೈದಕ್ಕೇ ಎರಡೂವರೆ ಕೊಂಡವರಿಗೆ ಅಕ್ಷರ ದೊಡ್ಡದಾಗಿ ಕಂಡು ಖುಷಿಯಾಗುತ್ತದೆ, ಆದರೆ ಮೇಜಿನ ಆಚೆ ತುದಿಯ ಕಾಗದ ಮಸುಕು. ಮಕ್ಕಳ ಅಂಗಿಯನ್ನು ಬೆಳೆದಮೇಲೆ ಬರಲಿ ಎಂದು ದೊಡ್ಡದು ತರಬಹುದು, ಕನ್ನಡಕ ಹಾಗಲ್ಲ. ಆರಾಮವಾಗಿ ಓದಿಸುವ ಅತಿ ಕಡಿಮೆ ನಂಬರೇ ಸರಿಯಾದ ನಂಬರ್.

ಫುಟ್‌ಪಾತಿನ ರೆಡಿಮೇಡ್ ಕನ್ನಡಕ ಕಣ್ಣು ಕೆಡಿಸುತ್ತದೆ ಎನ್ನುವುದು ಸುಳ್ಳು. ಎರಡೂ ಕಣ್ಣಿನ ನಂಬರ್ ಒಂದೇ ಇದ್ದು, ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ನಂಬರ್) ಇಲ್ಲದಿದ್ದರೆ ತಾತ್ಕಾಲಿಕ ಬಳಕೆಗೆ ತೊಂದರೆಯಿಲ್ಲ. ಅಡುಗೆಮನೆಯಲ್ಲೊಂದು, ಬ್ಯಾಗಿನಲ್ಲೊಂದು ಇಟ್ಟುಕೊಳ್ಳಲು ಅದೇ ಸೂಕ್ತ. ತಲೆನೋವು ಬರುವುದು ಬೇರೆ ಕಾರಣಕ್ಕೆ. ಅದರ ಗಾಜಿನ ಕೇಂದ್ರಗಳ ಅಂತರ ಎಲ್ಲರಿಗೂ ಒಂದೇ, 62-64 ಮಿ.ಮೀ. ಆಸುಪಾಸು. ಓದುವಾಗ ನಿಮ್ಮ ಪಾಪೆಗಳ ಅಂತರ 58 ಇದ್ದರೆ ಎರಡೂ ಕಣ್ಣು ಗಾಜಿನ ಕೇಂದ್ರ ಬಿಟ್ಟು ಮೂಗಿನ ಕಡೆಯಿಂದ ನೋಡುತ್ತವೆ, ಗಾಜು ಪ್ರಿಸಂ ಆಗಿ ಕೆಲಸ ಮಾಡಿ ಕಣ್ಣುಗಳು ಇನ್ನಷ್ಟು ಒಳಕ್ಕೆ ತಿರುಗಬೇಕಾಗುತ್ತದೆ. ನಂಬರ್ ಹೆಚ್ಚಿದಷ್ಟೂ ಇದು ಹೆಚ್ಚು. ಕೊಳ್ಳುವಾಗ ಕನ್ನಡಕವನ್ನು ಕೈಯಳತೆಯಲ್ಲಿ ಹಿಡಿದು ಅದರ ಮೂಲಕ ಟೈಲ್ಸಿನ ಗೆರೆ ನೋಡುತ್ತ ನಿಧಾನ ಅಲುಗಿಸಿ. ಗೆರೆ ಬಳುಕಿದರೆ ಗಾಜು ಸರಿಯಿಲ್ಲ, ಇನ್ನೊಂದು ತೆಗೆದುಕೊಳ್ಳಿ.

ಗೆರೆ ಇರುವುದು, ಗೆರೆ ಇಲ್ಲದಿರುವುದು

ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ ಬೇಕಾದವರಿಗೆ ಹಳೆಯ ದಾರಿ ಬೈಫೋಕಲ್. ಹದಿನೆಂಟನೇ ಶತಮಾನದ ಕೊನೆಯಲ್ಲಿ ಇದನ್ನು ರೂಢಿಗೆ ತಂದ ಹೆಸರು ಬೆಂಜಮಿನ್ ಫ್ರಾಂಕ್ಲಿನ್‌ಗೆ ಸಲ್ಲುತ್ತದೆ. ಅಂಗಡಿಯಲ್ಲಿ 'ಕ್ರಿಪ್ಟಾಕ್' ಎಂದರೆ ಕೆಳಗಿನ ಓದುವ ಭಾಗ ದುಂಡಗಿರುವುದು, 'ಡಿ' ಎಂದರೆ ಅದರ ಮೇಲಂಚು ನೇರವಾಗಿರುವುದು. ಆ ಅಂಚು ಕೆಳರೆಪ್ಪೆಯ ಮಟ್ಟಕ್ಕೆ ಬರಬೇಕು. ಮೇಲಾದರೆ ನಡೆಯುವಾಗ ಅಡ್ಡ ಬರುತ್ತದೆ, ಕೆಳಗಾದರೆ ಓದಲು ಗದ್ದ ಎತ್ತಬೇಕು.

ಪ್ರೊಗ್ರೆಸಿವ್ ಗಾಜು 1959ರಲ್ಲಿ ಫ್ರಾನ್ಸಿನಲ್ಲಿ ಮಾರುಕಟ್ಟೆಗೆ ಬಂತು, ಬರ್ನಾರ್ ಮೆತ್ನಾಜ್ ಎಂಬ ಎಂಜಿನಿಯರ್ ರೂಪಿಸಿದ್ದು. ಮೇಲೆ ದೂರದ ನಂಬರ್, ಕೆಳಕ್ಕಿಳಿದಂತೆ ನಡುವಿನ ಒಂದು ಓಣಿಯಲ್ಲಿ ನಂಬರ್ ಮೆಲ್ಲನೆ ಏರಿ ಕೊನೆಗೆ ಓದುವ ನಂಬರ್. ಗೆರೆ ಇಲ್ಲದ್ದಕ್ಕೆ ತೆರಬೇಕಾದ ಬೆಲೆ ಓಣಿಯ ಎರಡೂ ಬದಿಯ ಮಸುಕು. ಇದು ತಯಾರಿಕೆಯ ದೋಷವಲ್ಲ, ಜ್ಯಾಮಿತಿಯ ಕಟ್ಟುಪಾಡು. ಎಷ್ಟು ದುಬಾರಿ ಗಾಜು ಕೊಂಡರೂ ಮಸುಕನ್ನು ಸರಿಸಿ ಹಂಚಬಹುದು, ಇಲ್ಲವಾಗಿಸಲಾಗದು. ಆ್ಯಡ್ ಹೆಚ್ಚಿದಷ್ಟೂ ಬದಿಯ ಮಸುಕು ಹೆಚ್ಚುವುದರಿಂದ, ಪ್ರೊಗ್ರೆಸಿವ್ ಹಾಕಬೇಕೆಂದಿದ್ದರೆ ಆ್ಯಡ್ 1.00-1.25 ಇರುವಾಗಲೇ ಶುರು ಮಾಡುವುದು ಮೇಲು. ನೇರವಾಗಿ 2.50ಕ್ಕೆ ಹಾರಿದವರೇ ಹೆಚ್ಚಾಗಿ 'ತಲೆ ಸುತ್ತುತ್ತೆ' ಎಂದು ಡ್ರಾಯರಿನಲ್ಲಿ ಎತ್ತಿಡುವವರು.

ಎತ್ತಿಡಲು ಇನ್ನೊಂದು ದೊಡ್ಡ ಕಾರಣ ಅಳತೆ ತಪ್ಪುವುದು. ಚಂದಕ್ಕೆಂದು ಆರಿಸಿದ ಕಿರಿದಾದ ಫ್ರೇಮಿನಲ್ಲಿ ಓದುವ ಭಾಗವೇ ಕತ್ತರಿಸಿಹೋಗುತ್ತದೆ. ಗಾಜಿನ ಎತ್ತರ 28-30 ಮಿ.ಮೀ.ಗಿಂತ ಕಡಿಮೆ ಬೇಡ. ಫ್ರೇಮನ್ನು ಮುಖಕ್ಕೆ ಹಾಕಿಸಿ, ಕಿವಿ-ಮೂಗಿಗೆ ಸರಿಯಾಗಿ ಕೂರಿಸಿ, ಅಳೆಯುವವರು ನಿಮ್ಮ ಕಣ್ಣಿನ ಮಟ್ಟಕ್ಕೇ ಕೂತು ಡಮ್ಮಿ ಗಾಜಿನ ಮೇಲೆ ಪಾಪೆಯ ನಡುವಿಗೆ ಪೆನ್ನಿನಿಂದ ಗುರುತು ಹಾಕಬೇಕು. ಮೂಗಿನ ನಡುವಿನಿಂದ ಬಲಕ್ಕೆಷ್ಟು ಎಡಕ್ಕೆಷ್ಟು ಎಂದು ಬೇರೆ ಬೇರೆ ಅಳೆಯಬೇಕು, ಎರಡೂ ಸಮನಾಗಿರುವುದೇ ಅಪರೂಪ. ನಿಂತುಕೊಂಡೇ ಸ್ಕೇಲು ಹಿಡಿದು ಒಂದು ಸಲ ಅಳೆದು 'ಆಯ್ತು' ಎಂದರೆ ಇನ್ನೊಂದು ಸಲ ಅಳೆಯಲು ಕೇಳಿ, ಸಂಕೋಚ ಬೇಡ.

ಕನ್ನಡಕ ಬಂದ ದಿನ ಗಾಜಿನ ಮೇಲಿನ ಬಣ್ಣದ ಗುರುತುಗಳನ್ನು ಒರೆಸಲು ಬಿಡಬೇಡಿ. ಹಾಕಿಕೊಂಡು ನೇರ ನೋಡಿದಾಗ ಕೂಡುಗುರುತು ಪಾಪೆಯ ನಡುವೆಯೇ ಇದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಎರಡು ಮೂರು ಮಿ.ಮೀ. ಕೆಳಗಿದ್ದರೆ ಓದಲು ಗದ್ದ ಎತ್ತಬೇಕಾಗುತ್ತದೆ, ಮೇಲಿದ್ದರೆ ದೂರದ್ದು ಮಸುಕಾಗಿ ತಲೆ ತಗ್ಗಿಸುತ್ತೀರಿ. ಗುರುತು ಒರೆಸಿಬಿಟ್ಟಿದ್ದರೂ ದಾರಿಯಿದೆ. ಗಾಜನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ತಿರುಗಿಸಿದರೆ 34 ಮಿ.ಮೀ. ಅಂತರದಲ್ಲಿ ಎರಡು ಪುಟ್ಟ ಕೆತ್ತನೆಗಳು ಕಾಣುತ್ತವೆ. ಕಿವಿಯ ಕಡೆಯದರ ಕೆಳಗಿರುವ '20' ಎಂಬಂಥ ಅಂಕಿಯೇ ಆ್ಯಡ್, ಅಂದರೆ 2.00. ಬಲ-ಎಡ ಎರಡರಲ್ಲೂ ಇದು ಚೀಟಿಗೆ ತಾಳೆಯಾಗಬೇಕು.

ಹೊಸದರಲ್ಲಿ ಒಂದೆರಡು ವಾರ ಕಣ್ಣು ಹೊರಳಿಸಿ ಪಕ್ಕಕ್ಕೆ ನೋಡುವ ಬದಲು ಮೂಗನ್ನೇ ಆ ಕಡೆ ತಿರುಗಿಸಿ. ಮೆಟ್ಟಿಲು ಇಳಿಯುವಾಗ ಗದ್ದವನ್ನು ಎದೆಗೆ ತಾಗಿಸುವಷ್ಟು ತಗ್ಗಿಸಿ ಗಾಜಿನ ಮೇಲ್ಭಾಗದಿಂದ ನೋಡಬೇಕು. ಕೆಳಭಾಗದ ಗಾಜು 40 ಸೆಂ.ಮೀ.ಗೆ ಹೊಂದಿಸಿದ್ದು, ನಿಮ್ಮ ಪಾದ ಇರುವುದು ಒಂದೂವರೆ ಮೀಟರ್ ಕೆಳಗೆ. ವಯಸ್ಸಾದವರು ಬೈಫೋಕಲ್, ಪ್ರೊಗ್ರೆಸಿವ್ ಹಾಕಿಕೊಂಡು ಮೆಟ್ಟಿಲಲ್ಲಿ ಎಡವುವುದು ಇದರಿಂದಲೇ. ಹೊರಗೆ ಓಡಾಡುವುದು ಹೆಚ್ಚಿದ್ದರೆ ದೂರಕ್ಕೆ ಮಾತ್ರ ಇರುವ ಇನ್ನೊಂದು ಕನ್ನಡಕ ಖಂಡಿತ ಬೇಕು.

ಕಂಪ್ಯೂಟರಿನ ಮುಂದೆ ದಿನವೆಲ್ಲ ಕೂರುವವರು ಪ್ರೊಗ್ರೆಸಿವ್‌ನಲ್ಲಿ ಗದ್ದ ಎತ್ತಿ ಎತ್ತಿ ಕತ್ತು ನೋಯಿಸಿಕೊಳ್ಳುತ್ತಾರೆ. ಮೊದಲು ಪರದೆಯನ್ನು ಕೆಳಗಿಳಿಸಿ ನೋಡಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಸಾಕಷ್ಟು ಕೆಳಗಿರಲಿ. ಅದರಿಂದ ಆಗದಿದ್ದರೆ ದೂರದ ನಂಬರಿಗೆ ಆ್ಯಡ್‌ನ ಸುಮಾರು ಅರ್ಧ ಸೇರಿಸಿ ಕಂಪ್ಯೂಟರಿಗೇ ಒಂದು ಸಾದಾ ಕನ್ನಡಕ ಮಾಡಿಸಿ. ದುಬಾರಿ ಪ್ರೊಗ್ರೆಸಿವ್‌ಗಿಂತ ಇದು ಎಷ್ಟೋ ಅಗ್ಗ, ಕೆಲಸದ ಹೊತ್ತಿಗೆ ಅದಕ್ಕಿಂತ ಚೆನ್ನಾಗಿಯೂ ಇರುತ್ತದೆ. ಗಾಡಿಯ ಕೆಳಗೆ ಮಲಗಿ ಮೇಲಕ್ಕೆ ನೋಡುವ ಮೆಕ್ಯಾನಿಕ್, ಏಣಿ ಹತ್ತಿ ತಲೆಯ ಮೇಲಿನ ವೈರಿಂಗ್ ಮಾಡುವವರು ಕೆಲಸಕ್ಕೆ ಪ್ರೊಗ್ರೆಸಿವ್ ಹಾಕಲೇಬಾರದು. ಅವರ ಹತ್ತಿರದ ಕೆಲಸ ಮೇಲಿದೆ, ಗಾಜಿನ ಓದುವ ಭಾಗ ಕೆಳಗಿದೆ.

ಕನ್ನಡಕವಿಲ್ಲದ ಕೈಕೆಲಸ

ಚಾಳೀಸು ಓದುಬರಹದವರ ಸಮಸ್ಯೆ ಎಂಬ ತಪ್ಪು ತಿಳಿವಳಿಕೆ ಇದೆ. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ 751 ಎಲೆ ಕೀಳುವವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಹತ್ತಿರದ ಕನ್ನಡಕ ಕೊಟ್ಟು ಹೋಲಿಸಿದ ಅಧ್ಯಯನ 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕವರು ಕಿತ್ತ ಎಲೆ ಇನ್ನೊಂದು ಗುಂಪಿಗಿಂತ ಸುಮಾರು ಶೇ. 22ರಷ್ಟು ಹೆಚ್ಚಾಗಿತ್ತು. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಇದು ನೇರ ದುಡ್ಡು. ಕೊಡಗಿನಲ್ಲಿ ಹಣ್ಣು ಕಾಫಿ ಆರಿಸುವವರು, ರಾಮನಗರ-ಶಿಡ್ಲಘಟ್ಟದಲ್ಲಿ ರೇಷ್ಮೆ ಎಳೆ ಹಿಡಿಯುವವರು, ಕರಾವಳಿಯಲ್ಲಿ ಬೀಡಿ ಕಟ್ಟುವವರು, ಬೆಂಗಳೂರಿನ ಗಾರ್ಮೆಂಟ್ಸ್ ಹೊಲಿಗೆಯವರು ಎಲ್ಲರದೂ ಇದೇ ಜಾತಿಯ ಕೆಲಸ. ಕೈ ನಿಧಾನವಾಯಿತು ಎಂದು ಮೇಸ್ತ್ರಿ ಬೈಯುವ ಎಷ್ಟೋ ಕಡೆ ನಿಧಾನವಾಗಿರುವುದು ಕೈಯಲ್ಲ. 2015ರ ಅಂದಾಜಿನಂತೆ ಜಗತ್ತಿನಲ್ಲಿ 180 ಕೋಟಿ ಜನರಿಗೆ ಚಾಳೀಸು ಇತ್ತು, ಅವರಲ್ಲಿ ಸುಮಾರು 82.6 ಕೋಟಿ ಜನರಿಗೆ ತಕ್ಕ ಕನ್ನಡಕವಿರಲಿಲ್ಲ. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಬಂದು ಕಣ್ಣು ತಪಾಸಣೆ ಮಾಡಿ, ಬೇಕಾದವರಿಗೆ ಉಚಿತ ಕನ್ನಡಕ ಕೊಡುವ ವ್ಯವಸ್ಥೆ ಇದೆ. ನಿಮ್ಮ ಊರಿನಲ್ಲಿ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ.

ವ್ಯಾಯಾಮ, ಕ್ಯಾರೆಟ್, ಹನಿ ಔಷಧಿ

ಕಣ್ಣಿನ ವ್ಯಾಯಾಮದಿಂದ ಚಾಳೀಸು ಹೋಗುವುದಿಲ್ಲ. ವ್ಯಾಯಾಮ ಬಲಪಡಿಸುವುದು ಸ್ನಾಯುವನ್ನು. ಇಳಿವಯಸ್ಸಿನಲ್ಲೂ ಸಿಲಿಯರಿ ಸ್ನಾಯು ಬಿಗಿಯಾಗುವುದು ಎಂಆರ್‌ಐ ಚಿತ್ರಗಳಲ್ಲಿ ಕಾಣುತ್ತದೆ, ಅದಕ್ಕೆ ಬಲದ ಕೊರತೆಯಿಲ್ಲ. ಕ್ಯಾರೆಟ್ಟು, ನುಗ್ಗೆ ಸೊಪ್ಪು ಒಳ್ಳೆಯವೇ, ಈ ವಿಷಯಕ್ಕೆ ಅಲ್ಲ. 'ಕನ್ನಡಕ ಹಾಕಿದರೆ ಅದೇ ಅಭ್ಯಾಸವಾಗಿ ನಂಬರ್ ಏರುತ್ತೆ' ಎನ್ನುವುದೂ ಹಾಗೆಯೇ. ಹಾಕದಿದ್ದರೂ ಅರವತ್ತರವರೆಗೆ ಏರುತ್ತದೆ. ಸ್ಪಷ್ಟವಾಗಿ ಕಂಡು ರೂಢಿಯಾದಮೇಲೆ ಹಳೆಯ ಮಸುಕನ್ನು ಸಹಿಸಲಾಗದು, ಅಷ್ಟೇ ವ್ಯತ್ಯಾಸ.

ಹನಿ ಔಷಧಿಯ ಸುದ್ದಿ ಆಗಾಗ ಹರಿದಾಡುತ್ತದೆ. ಅಮೆರಿಕದಲ್ಲಿ 2021ರ ಅಕ್ಟೋಬರಿನಲ್ಲಿ ಶೇ. 1.25ರ ಪಿಲೋಕಾರ್ಪಿನ್ ಹನಿಗೆ ಅನುಮತಿ ಸಿಕ್ಕಿತು. ಅದು ಮಸೂರವನ್ನು ಮೆತ್ತಗೆ ಮಾಡುವುದಿಲ್ಲ, ಪಾಪೆಯನ್ನು ಕಿರಿದಾಗಿಸುತ್ತದೆ. ಕೆಲವು ಗಂಟೆ ಓದಬಹುದು, ಆದರೆ ಸಂಜೆಗತ್ತಲಲ್ಲಿ ಗಾಡಿ ಓಡಿಸುವುದು ಕಷ್ಟ, ತಲೆನೋವು ಸಾಮಾನ್ಯ, ಅಪರೂಪಕ್ಕೆ ಅಕ್ಷಿಪಟ ಕಳಚುವ ಅಪಾಯವೂ ಇದೆ. ಭಾರತದಲ್ಲಿ ಇಂಥ ಒಂದು ಹನಿಗೆ ಕೊಟ್ಟ ಅನುಮತಿಯನ್ನು, ಅದರ ಬಗ್ಗೆ ಮಾಡಿದ ಅತಿಶಯದ ಪ್ರಚಾರದ ಕಾರಣಕ್ಕೆ, 2024ರ ಸೆಪ್ಟೆಂಬರಿನಲ್ಲಿ ಔಷಧ ನಿಯಂತ್ರಕರು ಅಮಾನತಿನಲ್ಲಿಟ್ಟರು. ಹನಿಯ ತತ್ವವನ್ನು ಮನೆಯಲ್ಲೇ ಪರೀಕ್ಷಿಸಬಹುದು: ವಿಸಿಟಿಂಗ್ ಕಾರ್ಡಿನಲ್ಲಿ ಒಂದು ಮಿ.ಮೀ. ರಂಧ್ರ ಕೊರೆದು, ಒಂದು ಕಣ್ಣು ಮುಚ್ಚಿ, ರಂಧ್ರದ ಮೂಲಕ ಸಣ್ಣ ಅಕ್ಷರ ನೋಡಿ. ಕನ್ನಡಕವಿಲ್ಲದೆಯೇ ಕಾಣುತ್ತದೆ. ರಂಧ್ರದಲ್ಲಿ ಸ್ಪಷ್ಟವಾದರೆ ಬರೀ ನಂಬರಿನ ಸಮಸ್ಯೆ ಇರುವ ಸಂಭವ ಹೆಚ್ಚು. ರಂಧ್ರದಲ್ಲೂ ಮಸುಕಾಗಿಯೇ ಇದ್ದರೆ ಕನ್ನಡಕದ ಅಂಗಡಿಗೆ ಹೋಗಬೇಡಿ, ಕಣ್ಣಿನ ವೈದ್ಯರ ಹತ್ತಿರ ಹೋಗಿ.

ಚಾಳೀಸು ಅಲ್ಲದ್ದು

ಚಾಳೀಸು ಎರಡೂ ಕಣ್ಣಿಗೆ ಒಟ್ಟಿಗೆ, ನಿಧಾನವಾಗಿ ಬರುತ್ತದೆ, ನೋವಿಲ್ಲದೆ. ಒಂದೇ ಕಣ್ಣು ಮಸುಕಾದರೆ, ಕಿಟಕಿಯ ಸರಳು ಸೊಟ್ಟಗೆ ಕಂಡರೆ, ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳು ಸುರಿದರೆ, ದೀಪದ ಸುತ್ತ ಬಣ್ಣದ ಬಳೆ ಕಂಡು ಕಣ್ಣು ನೋಯುತ್ತಿದ್ದರೆ ಅದೇ ದಿನ ತೋರಿಸಬೇಕು. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಕಾಯಿಲೆಯಲ್ಲಿ ಹೆಚ್ಚಿನವರಿಗೆ ಈ ಯಾವ ಸೂಚನೆಯೂ ಇರುವುದಿಲ್ಲ. ಆದ್ದರಿಂದ ಮೊದಲ ಚಾಳೀಸಿನ ಕನ್ನಡಕಕ್ಕೆ ಹೋದಾಗಲೇ ಕಣ್ಣಿನ ಒತ್ತಡವನ್ನೂ ನರವನ್ನೂ ನೋಡಿಸಿಕೊಳ್ಳಿ. ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದ ಒಳಗಿರುತ್ತದೆ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಕಾಣುವುದಿಲ್ಲ, ಬೈಕ್ ಮನೆಯಲ್ಲಿ ಬಿಟ್ಟು ಹೋಗಿ.

ಸಕ್ಕರೆ ಕಾಯಿಲೆಯವರ ನಂಬರ್ ರಕ್ತದ ಸಕ್ಕರೆಯ ಜೊತೆ ಏರಿಳಿಯುತ್ತದೆ. ಸಕ್ಕರೆ ಹೆಚ್ಚಿದ್ದಾಗ ಹಲವರಿಗೆ ದೂರದ್ದು ಮಸುಕಾಗಿ ಹತ್ತಿರದ್ದು ಸಲೀಸಾಗುತ್ತದೆ, ಮಾತ್ರೆ ಶುರುವಾಗಿ ಇಳಿದಾಗ ಉಲ್ಟಾ. ಆ ಹೊತ್ತಿನಲ್ಲಿ ಮಾಡಿಸಿದ ಕನ್ನಡಕ ತಿಂಗಳೊಳಗೆ ತಪ್ಪಾಗುತ್ತದೆ. ಸಕ್ಕರೆ ನಾಲ್ಕಾರು ವಾರ ಒಂದೇ ಮಟ್ಟದಲ್ಲಿ ನಿಂತಮೇಲೆ ಪರೀಕ್ಷಿಸಿಕೊಳ್ಳಬೇಕು. ಶೀತ-ಅಲರ್ಜಿಯ ಕೆಲವು ಮಾತ್ರೆಗಳೂ ತಾತ್ಕಾಲಿಕವಾಗಿ ಹತ್ತಿರದ ದೃಷ್ಟಿ ಕೆಡಿಸುತ್ತವೆ, ಏನೇನು ನುಂಗುತ್ತಿದ್ದೀರಿ ಎಂದು ಪರೀಕ್ಷಿಸುವವರಿಗೆ ಹೇಳಿ.

ಇನ್ನೊಂದು ಮನೆಮನೆಯ ಸಂಭ್ರಮ. ಅರವತ್ತೈದು ದಾಟಿದ ಅಜ್ಜಿ ಇದ್ದಕ್ಕಿದ್ದಂತೆ ಕನ್ನಡಕ ಬಿಟ್ಟು ಪಂಚಾಂಗ ಓದತೊಡಗುತ್ತಾರೆ, 'ಅಜ್ಜಿಗೆ ಕಣ್ಣು ಮರಳಿ ಬಂತು' ಎಂದು ಎಲ್ಲರೂ ಹೇಳಿಕೊಂಡು ತಿರುಗುತ್ತಾರೆ. ಬಂದಿರುವುದು ಪೊರೆ. ಮಸೂರದ ನಡುಭಾಗ ದಟ್ಟವಾಗಿ ಬೆಳಕನ್ನು ಹೆಚ್ಚು ಬಾಗಿಸತೊಡಗಿದಾಗ ಕಣ್ಣು ಮೈನಸ್ ಕಡೆಗೆ ಜಾರುತ್ತದೆ, ಹತ್ತಿರದ್ದು ಕೆಲಕಾಲ ಬರಿಗಣ್ಣಿಗೆ ಕಾಣುತ್ತದೆ. ಅದೇ ಅಜ್ಜಿಗೆ ಬಸ್ಸಿನ ಬೋರ್ಡು ಕಾಣುತ್ತದೆಯೇ ಎಂದು ಕೇಳಿ, ಉತ್ತರ ಸಿಗುತ್ತದೆ. ಪೊರೆಯ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಹಾಕುವುದು ದೂರಕ್ಕೆ ಹೊಂದಿಸಿದ ಒಂದೇ ನಂಬರಿನ ಕೃತಕ ಮಸೂರ. ಅದು ಉಬ್ಬುವುದಿಲ್ಲ, ಹಾಗಾಗಿ ಓದಲು ಪ್ಲಸ್ 2.50ರ ಸುಮಾರಿನ ಕನ್ನಡಕ ಮತ್ತೆ ಬೇಕಾಗುತ್ತದೆ. 'ಆಪರೇಷನ್ ಮಾಡಿಸಿದರೂ ಓದಲಾಗುತ್ತಿಲ್ಲ, ಕೆಡಿಸಿಬಿಟ್ಟರು' ಎಂಬ ದೂರಿಗೆ ಇದನ್ನು ಮೊದಲೇ ಹೇಳದಿರುವುದು ಕಾರಣ. ಆ ಕನ್ನಡಕವನ್ನು ಆಪರೇಷನ್ ಆದ ಮರುವಾರವೇ ಮಾಡಿಸದೆ, ಗಾಯ ಮಾಗಿ ನಂಬರ್ ನಿಲ್ಲಲು ನಾಲ್ಕರಿಂದ ಆರು ವಾರ ಬಿಟ್ಟು ಮಾಡಿಸಿ. ಅಲ್ಲಿಯವರೆಗೆ ಓದಲೇಬೇಕಿದ್ದರೆ ಫುಟ್‌ಪಾತಿನ ಎರಡೂವರೆ ಸಾಕು.